ಹಳದಿ ತಿರುಗದ ಏಳನೇ ಕೊಳವೆ

"ಹತ್ತು ನಿಮಿಷ, ಅಷ್ಟೇ," ಎಂದು ಲ್ಯಾಬಿನ ಮೇಡಂ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. "ಮತ್ತೆ, ಏನನ್ನೂ ಮುಟ್ಟಬೇಡಿ."

"ಮುಟ್ಟದೆ ನೋಡೋದು ಸಾಹೇಬರುಗಳ ಕೆಲಸ ಮೇಡಂ. ನಾನು ಈ ಕೋಣೇಲಿ ಮೂವತ್ತೊಂದು ವರ್ಷ ಕೈಯಲ್ಲೇ ನೋಡಿದ್ದು," ಎಂದಳು ಸೀಸೆಯಕ್ಕ, ಆಗಲೇ ತೋಳು ಮಡಿಸುತ್ತಾ.

ಬಂದರಿನ ನೀರು ತಪಾಸಣೆಯ ಲ್ಯಾಬಿನಲ್ಲಿ ಸೀಸೆ ತೊಳೆದು ತೊಳೆದು ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಸ್ವಂತ ಹೆಸರು ಈಗ ಪಿಂಚಣಿ ಕಾಗದಕ್ಕೆ ಮಾತ್ರ ನೆನಪು. ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ಮೂಲೆಯ ನಲ್ಲಿ ಹಿಂದಿನ ತಾಳದಲ್ಲೇ ತೊಟ್ಟಿಕ್ಕುತ್ತಿತ್ತು. ಯಾರಾದರೂ ವಾಷರ್ ಹಾಕಬಾರದೆ ಎಂದು ಅವಳ ಕೈ ತುರಿಸಿತು.

ಆದರೆ ನಲ್ಲಿಯ ಚಿಂತೆಗೆ ಇದು ಹೊತ್ತಲ್ಲ. ಸೋಮವಾರ ಹಿನ್ನೀರಿನ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಮಂಗಳವಾರ ಅವಳ ತಮ್ಮನ ಗುಡಿಸಲಿನ ಹಲಗೆಯಡಿ ಕೀಟನಾಶಕದ ಖಾಲಿ ಡಬ್ಬಿ ಸಿಕ್ಕಿ ಅವನು ಲಾಕಪ್ಪು ಸೇರಿದ್ದ. ಹಿನ್ನೀರಿನಲ್ಲಿ ಕಪ್ಪೆಚಿಪ್ಪು ಸಾಕುವ ಪಾತಿಗಳು ಏಳು. ನಿನ್ನೆ, ಗುರುವಾರದ ಪರೀಕ್ಷೆಯಲ್ಲಿ, ಅವನ ಏಳನೇ ಪಾತಿಯೊಂದರಲ್ಲೇ ವಿಷ ಕಂಡಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಮೇಲಧಿಕಾರಿ ಸಹಿ ಹಾಕಿದರೆ ಪಾತಿಯನ್ನು ಬುಡಸಮೇತ ಕಿತ್ತುಹಾಕುತ್ತಾರೆ. ಮೀನು ಹಿಡಿಯುವ ಆಸೆಗೆ ನೀರಿಗೆ ವಿಷ ಬೆರೆಸಿದವನೆಂದು ತಮ್ಮ ಜೈಲಿಗೆ ಹೋಗುತ್ತಾನೆ.

ತಮ್ಮ ಹಾಗೆ ಮಾಡುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅಕ್ಕಂದಿರೆಲ್ಲ ಹೇಳುತ್ತಾರೆ ಎಂಬುದೂ ಗೊತ್ತಿತ್ತು.

ನಿನ್ನೆಯ ಕೊಳವೆಗಳು ಇನ್ನೂ ಸ್ಟ್ಯಾಂಡಿನಲ್ಲೇ ನಿಂತಿದ್ದವು. ಆರು ಗಾಜಿನ ಕೊಳವೆಗಳಲ್ಲಿ ನಿಂಬೆಹಣ್ಣಿನ ಹಳದಿ. ಏಳನೆಯದು ಬರೀ ನೀರಿನಂತೆ.

ಹೊರಗಿನವರು ನೋಡಿದರೆ ಹಳದಿಯನ್ನೇ ವಿಷ ಎನ್ನುತ್ತಿದ್ದರು. ಸಂಗತಿ ತಿರುಗಾಮುರುಗಾ. ಹಿಂದಿದ್ದ ಮುದುಕ ಸಾಹೇಬರು ಒಮ್ಮೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದರು: ಜೀವದ ನರದಲ್ಲಿ ಒಂದು ಸುದ್ದಿ ಓಡಿದ ಮೇಲೆ ಅದನ್ನು ಅಳಿಸಬೇಕಲ್ಲ, ಕರಿಹಲಗೆ ಒರೆಸಿದ ಹಾಗೆ. ಆ ಒರೆಸುವ ಬಟ್ಟೆಯೇ ಕೋಲಿನೆಸ್ಟರೇಸ್ ಎಂಬ ಕಿಣ್ವ. ಕೆಲವು ಜಾತಿಯ ಕೀಟನಾಶಕ ಬಂದು ಈ ಬಟ್ಟೆಯನ್ನೇ ಹಿಡಿದುಕೊಂಡುಬಿಡುತ್ತದೆ. ಬರೆದದ್ದರ ಮೇಲೆ ಬರೆದು ಬರೆದು ನರಕ್ಕೆ ಹುಚ್ಚು ಹಿಡಿಯುತ್ತದೆ. ಹುಳು ನಡುಗಿ ಸಾಯುತ್ತದೆ, ಮೀನೂ ಸಾಯುತ್ತದೆ.

ವಿಷ ಎರಡು ಉಬ್ಬರವಿಳಿತಕ್ಕೆ ಕೊಚ್ಚಿಹೋಗುತ್ತದೆ. ನೀರನ್ನು ಕೇಳಿದರೆ ನನಗೇನೂ ಗೊತ್ತಿಲ್ಲ ಎನ್ನುತ್ತದೆ. ಚಿಪ್ಪು ಹಾಗಲ್ಲ. ಕೂತಲ್ಲೇ ಕೂತು ಹಗಲೂ ರಾತ್ರಿ ಅದೇ ನೀರನ್ನು ಸೋಸುವ ಬಡಪಾಯಿ ಅದು. ವಿಷ ತಾಗಿದರೆ ಅದರ ಮೈಯೊಳಗಿನ ಕಿಣ್ವ ಎಷ್ಟೋ ದಿನ ಸೊರಗಿಯೇ ಇರುತ್ತದೆ. ಅದರ ಕಿವಿರನ್ನು ಅರೆದು ಔಷಧ ಬೆರೆಸಿದಾಗ ಹಳದಿ ತಿರುಗಿದರೆ ಕಿಣ್ವ ಕೆಲಸ ಮಾಡುತ್ತಿದೆ, ಚಿಪ್ಪು ಸುಖವಾಗಿದೆ. ತಿರುಗದಿದ್ದರೆ ಕೀಟನಾಶಕ ಬಂದು ಹೋಗಿದೆ.

"ಮೂರು ಸಲ ಓದಿದೀನಿ," ಎಂದರು ಮೇಡಂ. ಬಂದು ಆರು ತಿಂಗಳಾಗಿದ್ದ ಅವರು ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಬಿಗಿ. "ಯಂತ್ರಕ್ಕೆ ನಿಮ್ಮ ತಮ್ಮ ಯಾರು ಅಂತ ಗೊತ್ತಿಲ್ಲ."

"ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಚಿಪ್ಪು ಎಲ್ಲಿಟ್ಟಿದೀರಿ?"

ಮಾಂಸ ಅರೆದ ಮೇಲೆ ಚಿಪ್ಪುಗಳನ್ನು ಹತ್ತು ದಿನ ಎತ್ತಿಡಬೇಕೆಂಬುದು ಲ್ಯಾಬಿನ ಹಳೆಯ ನಿಯಮ. ಯಾವ ಜಾತಿಯದು, ಎಷ್ಟು ದೊಡ್ಡದು ಎಂದು ಯಾರಾದರೂ ತಕರಾರು ತೆಗೆದರೆ ತೋರಿಸಲಿಕ್ಕೆ. ಯಾರೂ ತಕರಾರು ತೆಗೆದದ್ದಿಲ್ಲ. ವಾಸನೆಗೆ ಹೆದರಿ ಯಾರೂ ಬಿಚ್ಚಿದ್ದೂ ಇಲ್ಲ. ಮೇಡಂ ಮೂಗು ಸಿಂಡರಿಸಿಕೊಂಡು ಏಳು ಬಟ್ಟೆಚೀಲಗಳನ್ನು ಮೇಜಿನ ಮೇಲೆ ಇಟ್ಟರು. ಒಂದೊಂದು ಚೀಲಕ್ಕೆ ಹತ್ತು ಜೀವ, ಇಪ್ಪತ್ತು ಚಿಪ್ಪು.

ಸೀಸೆಯಕ್ಕ ಒಂದನೇ ಚೀಲದಿಂದ ಒಂದು ಚಿಪ್ಪು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಎರಡನೆಯ ಚೀಲದಿಂದ ಒಂದು. ಹೀಗೆ ಆರೂ ಆಯಿತು. ಎಲ್ಲದರ ಒಳಮೈಯಲ್ಲೂ ಒಂದು ಕಡೆ ಒಣಗಿದ ಗೋಂದಿನಂಥ ಮೊಂಡು ಚೂರು ಅಂಟಿತ್ತು. ಚಿಪ್ಪಿನ ಬಾಯನ್ನು ಒಳಗಿನಿಂದ ಬಿಗಿಹಿಡಿಯುವ ಸ್ನಾಯುವನ್ನು ಚಾಕುವಿನಿಂದ ಕೊಯ್ದಾಗ ಉಳಿಯುವ ಬುಡ ಅದು. ಆ ಬುಡದ ಮೇಲೆ ಗಾಡಿಚಕ್ರದ ಜಾಡಿನಂತೆ ಎರಡು ಗೆರೆ ಪಕ್ಕಪಕ್ಕದಲ್ಲಿ ಓಡಿದ್ದವು. ಎಲ್ಲ ಚಿಪ್ಪಿನಲ್ಲೂ ಅದೇ ಜೋಡಿಗೆರೆ. ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಕೊನೆಗೆ ತಮ್ಮನ ಚೀಲ ಬಿಚ್ಚಿದಳು. ಒಂದು ನೋಡಿದಳು, ಹತ್ತು ನೋಡಿದಳು, ಇಪ್ಪತ್ತನ್ನೂ ಸಾಲಾಗಿ ಜೋಡಿಸಿಟ್ಟಳು. ಒಳಮೈ ನುಣ್ಣಗೆ ತೊಳೆದ ತಟ್ಟೆಯ ಹಾಗಿತ್ತು. ಮೊಂಡು ಚೂರೂ ಇಲ್ಲ, ಗೆರೆಯೂ ಇಲ್ಲ.

"ಮೇಡಂ, ನೀವು ಮನೇಲಿ ಚಿಪ್ಪಿನ ಅಡುಗೆ ಮಾಡ್ತೀರಾ?"

"ನಾನು ಸಸ್ಯಾಹಾರಿ."

"ಅಲ್ಲೇ ಎಡವಟ್ಟಾಗಿರೋದು."

ಚಾಕು ಹಾಕದೆ ಚಿಪ್ಪು ಇಷ್ಟು ಚೊಕ್ಕಟವಾಗಿ ಬಿಡುವುದು ಒಂದೇ ದಾರಿಯಲ್ಲಿ ಎಂದು ಅವಳು ವಿವರಿಸಿದಳು. ಬಿಸಿನೀರಿನಲ್ಲಿ ನಾಲ್ಕು ನಿಮಿಷ ಮುಳುಗಿಸಿಟ್ಟರೆ ತಾನಾಗಿ ಬಾಯಿ ಬಿಡುತ್ತದೆ, ಮಾಂಸ ಬುಡಸಮೇತ ಕಳಚಿಕೊಳ್ಳುತ್ತದೆ. ಮನೆಗೆಲಸದಲ್ಲಿ ಆತುರವಿದ್ದವರು ಮಾಡುವುದೇ ಹಾಗೆ. ಆದರೆ ಲ್ಯಾಬಿಗೆ ತರುವ ಚಿಪ್ಪಿಗೆ ಬಿಸಿ ತಾಗಲೇಬಾರದು. ಹಸಿಯಾಗಿ ಕೊಯ್ದು ಮಂಜುಗಡ್ಡೆಯ ಮೇಲಿಡಬೇಕು.

"ಬೆಂದ ಕಿಣ್ವಾನೂ ಸತ್ತಿರತ್ತೆ, ವಿಷ ಕುಡಿದ ಕಿಣ್ವಾನೂ ಸತ್ತಿರತ್ತೆ," ಎಂದಳು. "ಕೊಳವೆಗೆ ಎರಡೂ ಒಂದೇ. ನನ್ನ ತಮ್ಮನ ಚಿಪ್ಪಲ್ಲಿ ನೀವು ಕಂಡಿದ್ದು ಕೀಟನಾಶಕ ಅಲ್ಲ ಮೇಡಂ, ಬಿಸಿನೀರು."

ಮೇಡಂ ಸ್ಟೂಲು ಎಳೆದುಕೊಂಡು ಕುಳಿತರು. ಮಾಂಸ ತನ್ನ ಕೈಗೆ ಬರುವಾಗ ಬಿಡಿಸಿಯೇ ಬಂದಿರುತ್ತದೆ, ಚಿಪ್ಪು ಬೇರೆ ಚೀಲದಲ್ಲಿ, ಬಿಡಿಸುವುದು ಮಾದರಿ ತರುವವನ ಕೆಲಸ, ತಾನು ಹೇಗೆ ಗುರುತಿಸಬೇಕಿತ್ತು ಎಂದು ತಮಗೆ ತಾವೇ ಹೇಳಿಕೊಂಡರು. ಮುಖ ಬಿಳಿಚಿತ್ತು. ತಪ್ಪು ಒಪ್ಪಿಕೊಳ್ಳುವವರ ಮುಖವೋ, ಸಿಕ್ಕಿಬಿದ್ದವರ ಮುಖವೋ? ಸೀಸೆಯಕ್ಕನಿಗೆ ಆ ಕ್ಷಣಕ್ಕೆ ಎರಡೂ ಅನಿಸಿತು. ಮನೆಯಲ್ಲೇ ಒಬ್ಬ ಲಾಕಪ್ಪಿನಲ್ಲಿದ್ದಾಗ ಲೋಕದವರೆಲ್ಲ ಕಳ್ಳರಂತೆ ಕಾಣುತ್ತಾರೆ.

"ಈ ಚೀಲಗಳು ಇಲ್ಲಿರೋದು ಬೇಡ," ಎಂದಳು. "ಈಗಲೇ ಇನ್‌ಸ್ಪೆಕ್ಟರಿಗೆ ಫೋನು ಮಾಡಿ. ಅವರ ಕೈ ಸೇರಲಿ."

ಇನ್‌ಸ್ಪೆಕ್ಟರನ್ನು ಅವಳು ಮಂಗಳವಾರವೇ ನೋಡಿದ್ದಳು. ಠಾಣೆಯಲ್ಲಿ ಕುರ್ಚಿ ಕೊಟ್ಟು, ನೀರು ತರಿಸಿ, ಅಕ್ಕ ಎಂದೇ ಕರೆದಿದ್ದರು. ಮೇಜಿನ ಮೇಲೆ ನೀರು ತುಂಬಿದ ಲೋಟದಲ್ಲಿ ಉದ್ದನೆ ತೊಟ್ಟಿನ ಕೆಂಪು ಹೂಗಳಿದ್ದವು. ಠಾಣೆಗೂ ಹೂವಿಗೂ ಏನು ನಂಟೋ ಎಂದು ಆ ದುಃಖದಲ್ಲೂ ಅವಳಿಗೆ ನಗು ಬಂದಿತ್ತು. ನಿಮ್ಮ ಕೈಗೆ ಏನೇ ಸಿಕ್ಕರೂ ಮೊದಲು ನನಗೆ ಕೊಡಿ, ಬೇರೆಯವರ ಕೈಗೆ ಹೋದರೆ ಮಾಯವಾಗುತ್ತದೆ ಎಂದಿದ್ದರು. ಕಾಲುವೆಯ ಮೇಲ್ಗಡೆ ಇರುವ ಹೂವಿನ ಗಾಜಿನಮನೆಗಳನ್ನು ನೋಡಿದಿರಾ, ಅಲ್ಲಿ ದಿನಾ ಔಷಧ ಹೊಡೆಯುತ್ತಾರಲ್ಲ ಎಂದು ಅವಳು ಕೇಳಿದ್ದಕ್ಕೆ, ಮೂಲೆಮೂಲೆ ಜಾಲಾಡಿದ್ದೇವೆ, ಏನೂ ಇಲ್ಲ ಎಂದು ತಾಳ್ಮೆಯಿಂದ ಉತ್ತರಿಸಿದ್ದರು.

ಫೋನಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಜೀಪು ಬಂತು. ಸರ್ಕಾರದ ಕೆಲಸ ಹೀಗೆ ಚುರುಕಾಗಿ ನಡೆದದ್ದನ್ನು ಸೀಸೆಯಕ್ಕ ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ, ಒಳಗೊಳಗೇ ಸಂತೋಷವಾಯಿತು. ಕಾನ್‌ಸ್ಟೇಬಲ್ ಸಹಿ ಹಾಕಿ ಏಳೂ ಚೀಲ ಎತ್ತಿಕೊಂಡು ಹೋದ.

ಅವನು ಬರುವ ಮೊದಲು ಅವಳ ಕೈ ತನ್ನಷ್ಟಕ್ಕೆ ಒಂದು ಕೆಲಸ ಮಾಡಿತ್ತು. ಮಾದರಿಯನ್ನು ಪೂರ್ತಿಯಾಗಿ ಹೊರಗೆ ಬಿಡಬಾರದು, ಒಂದು ಚೂರಾದರೂ ನಮ್ಮಲ್ಲಿ ಉಳಿಯಬೇಕು ಎಂಬುದು ಮುದುಕ ಸಾಹೇಬರ ಕಟ್ಟಳೆ. ಮೂರನೇ ಚೀಲದ ಒಂದು ಚಿಪ್ಪು ಅವಳ ಚಿಲ್ಲರೆ ಪರ್ಸಿನೊಳಗೆ ಬೆಚ್ಚಗೆ ಕೂತಿತ್ತು.

*

ಮಾದರಿ ತರುವವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಎಡಗೈಗೆ ಎರಡು ಗಡಿಯಾರ ಕಟ್ಟುತ್ತಿದ್ದ. ಒಂದು ಓಡುತ್ತಿತ್ತು, ಇನ್ನೊಂದು ಅವನಪ್ಪನದು. ಸೀಸೆಯಕ್ಕ ಮಾರುಕಟ್ಟೆಯಿಂದ ಅರ್ಧ ಕಿಲೋ ಜೀವಂತ ಚಿಪ್ಪನ್ನು ಒದ್ದೆ ಕಾಗದದಲ್ಲಿ ಕಟ್ಟಿಸಿಕೊಂಡು ದೋಣಿಕಟ್ಟೆಗೆ ಹೋದಾಗ ಅವನು ಶೆಡ್ಡಿನ ಮುಂದೆ ಹಗ್ಗ ಸುತ್ತುತ್ತಾ ಕೂತಿದ್ದ. ಅವಳನ್ನು ಕಂಡದ್ದೇ ಹಗ್ಗದ ಮೇಲೆ ಇಲ್ಲದ ಗಮನ ಬಂತು.

ಅವಳು ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತಳು. ಮಗಳ ಯೋಗಕ್ಷೇಮ ಕೇಳಿದಳು, ಮೊಣಕಾಲು ನೋವಿನ ಮಾತು ಬಂತು. ಅವನ ನಿವೃತ್ತಿಗೆ ನಾಲ್ಕೇ ತಿಂಗಳು ಎಂಬುದೂ ಬಂತು. ಆಮೇಲೆ ಬುಧವಾರದ ಮಾದರಿಯನ್ನು ಹೇಗೆ ಬಿಡಿಸಿದೆ ಎಂದು ಹವಾಮಾನ ವಿಚಾರಿಸಿದ ಹಾಗೆ ಕೇಳಿದಳು.

"ಹೇಗೆ ಅಂದ್ರೆ? ಚಾಕೂಲಿ. ಯಾವಾಗಿನ ಹಾಗೇನೇ."

"ಹಾಗಿದ್ರೆ ಇದೊಂದು ಬಿಡಿಸಿಕೊಡಪ್ಪ," ಎಂದು ಪೊಟ್ಟಣ ಬಿಚ್ಚಿ ಒಂದು ಚಿಪ್ಪನ್ನು ಅವನ ಮುಂದಿಟ್ಟಳು. "ಹಿಡಿದು ಬಿಡಿಸೋಕೆ ನನ್ನ ಕೈ ಬರ್ತಿಲ್ಲ."

"ಈಗ ಟೈಮಿಲ್ಲ ಅಕ್ಕ."

"ಎರಡೆರಡು ಗಡಿಯಾರ ಕಟ್ಟಿಕೊಂಡೋನು ಟೈಮಿಲ್ಲ ಅಂದ್ರೆ ಯಾರು ನಂಬ್ತಾರೆ?"

ಅವನು ನಗಲಿಲ್ಲ. ಸೊಂಟದ ಚೀಲದಿಂದ ಚಾಕು ತೆಗೆದ. ಚಿಪ್ಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಚಾಕುವನ್ನು ಸಂದಿಗೆ ಒತ್ತಿದ. ಹೆಬ್ಬೆರಳಿಗೆ ಸುತ್ತಿದ್ದ ಮಾಸಿದ ಬಟ್ಟೆಯನ್ನು ಅವಳು ಕೂತಾಗಲೇ ನೋಡಿದ್ದಳು. ಚಾಕು ಒಂದು ಕೂದಲೆಳೆಯಷ್ಟೂ ಒಳಹೋಗಲಿಲ್ಲ. ಇನ್ನೊಮ್ಮೆ ಒತ್ತಿದ. ಹಣೆಯಲ್ಲಿ ಬೆವರು ಕಿತ್ತಿತು, ಚಾಕು ಜಾರಿ ಕಲ್ಲಿನ ಮೇಲೆ ಬಿತ್ತು.

ಸೀಸೆಯಕ್ಕ ಅದನ್ನು ಎತ್ತಿಕೊಂಡಳು. ತಾನೇ ಚಿಪ್ಪನ್ನು ಹಿಡಿದು, ಸಂದಿ ಹುಡುಕಿ, ಒಂದೇ ಸೆಳೆತಕ್ಕೆ ಬಿಡಿಸಿದಳು. ಕೈ ಬರುವುದಿಲ್ಲ ಎಂದವಳ ಕೈಯನ್ನು ಅವನು ಪಿಳಿಪಿಳಿ ನೋಡಿದ.

"ಬೆರಳಿಗೆ ಏನಾಯ್ತು?"

"ಲಂಗರಿನ ಸರಪಳಿ ಬಿತ್ತು. ಭಾನುವಾರ."

"ಭಾನುವಾರ ಜಜ್ಜಿದ ಬೆರಳು, ಬುಧವಾರ ಎಪ್ಪತ್ತು ಚಿಪ್ಪು ಕೊಯ್ದೆ ಅಂತೀಯ. ನನ್ನ ಮುಖ ನೋಡಿ ಹೇಳು."

ಅವನು ಸಮುದ್ರದ ಕಡೆ ನೋಡಿದ. ನಾಲ್ಕು ತಿಂಗಳ ಮಾತನ್ನು ಅವಳು ಎತ್ತಲಿಲ್ಲ, ಅವನೇ ಎತ್ತಿದ. ಬೆರಳು ಹೋಯಿತು ಎಂದರೆ ಕೂಡಲೇ ಮನೆಗೆ ಕಳಿಸುತ್ತಾರೆ, ಇಷ್ಟು ವರ್ಷ ದುಡಿದು ಕೊನೆಗೆ ಅಸಮರ್ಥ ಅನ್ನಿಸಿಕೊಂಡು ಹೋಗಬೇಕೇ ಎಂದ. ಅದಕ್ಕೇ ಶೆಡ್ಡಿನ ಒಲೆಯ ಮೇಲೆ ನೀರು ಕಾಯಿಸಿದೆ. ಬಾಯಿ ಬಿಡುವಷ್ಟೇ ಬಿಸಿ, ಜಾಸ್ತಿ ಇಲ್ಲ. ತಿನ್ನುವ ಪದಾರ್ಥಕ್ಕೆ ಅಷ್ಟು ಬಿಸಿಯಿಂದ ಏನಾಗುತ್ತದೆ ಎಂದುಕೊಂಡೆ.

"ನಿನ್ನ ನೀರಿಂದ ನನ್ನ ತಮ್ಮ ಲಾಕಪ್ಪಲ್ಲಿ ಕೊಳೀತಿದಾನೆ."

"ಗೊತ್ತಿರಲಿಲ್ಲ ಅಕ್ಕ. ನನ್ನ ಮಗಳಾಣೆ."

"ಅವನ ಪಾತಿದೊಂದನ್ನೇ ಯಾಕೆ ಬೇಯಿಸಿದೆ? ಬೇರೆಯವರದ್ದು ಚಾಕೂಲಿ ಬಿಡಿಸಿದೀಯಲ್ಲ."

ಗಡಿಯಾರ ತಲೆಯೆತ್ತಿದ. ಅವನ ಮುಖದಲ್ಲಿದ್ದದ್ದು ಸುಳ್ಳಲ್ಲ, ಶುದ್ಧ ಗಲಿಬಿಲಿ.

"ಒಂದನ್ನೇ ಅಂತ ಯಾರು ಹೇಳಿದ್ದು? ಚಾಕು ಹಿಡಿಯೋಕಾಗ್ದೆ ತಾನೇ ಬಿಸಿನೀರಿಗೆ ಹಾಕಿದ್ದು. ಏಳೂ ಪಾತಿದು ಹಾಕಿದೆ."

"ಏಳೂನಾ?"

"ಏಳೂ. ಒಂದೇ ಬಕೆಟ್ಟು, ಒಂದಾದ ಮೇಲೆ ಒಂದು."

ಸೀಸೆಯಕ್ಕನ ಕಿವಿ ನೆಟ್ಟಗಾಯಿತು. ಮೂರನೇ ಸಲವೂ ಕೇಳಿದಳು, ಅವನು ಮೂರನೇ ಸಲವೂ ಅದನ್ನೇ ಹೇಳಿದ.

ಏಳೂ ಬೆಂದಿದ್ದರೆ ಏಳು ಕೊಳವೆಯೂ ನೀರಿನಂತಿರಬೇಕಿತ್ತು. ಆರು ಹಳದಿ ತಿರುಗಿದ್ದು ಹೇಗೆ? ಬೆಂದ ಚಿಪ್ಪಿನ ಮೇಲೆ ಚಾಕುವಿನ ಗಾಯ ಬಂದದ್ದು ಎಲ್ಲಿಂದ? ಉತ್ತರ ಒಂದೇ. ಲ್ಯಾಬಿಗೆ ಹೋದ ಆರು ಮಾದರಿ ಗಡಿಯಾರ ಬಿಡಿಸಿದ್ದಲ್ಲ. ಯಾರೋ ಅವನ್ನು ಎತ್ತಿಹಾಕಿ, ಬೇರೆಲ್ಲಿಯದೋ ಒಳ್ಳೆಯ ಚಿಪ್ಪನ್ನು ಹಸಿಯಾಗಿ ಕೊಯ್ದು ಅಲ್ಲಿಟ್ಟಿದ್ದಾರೆ. ಏಳನೆಯದನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದಾರೆ.

ಬಿಟ್ಟದ್ದು ಯಾಕೆ? ಅದರಲ್ಲಿ ವಿಷ ಇದ್ದೇ ಇದೆ, ಕೊಳವೆ ತಾನಾಗಿ ಹೇಳುತ್ತದೆ ಎಂಬ ಧೈರ್ಯ ಅವರಿಗಿತ್ತು. ಅಂದರೆ ಏಳೂ ಪಾತಿಗೆ ವಿಷ ತಾಗಿದೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಏಳರಲ್ಲೂ ವಿಷ ಎಂದು ಬಂದರೆ ಯಾರಾದರೂ ಕಾಲುವೆ ಹಿಡಿದು ಮೇಲಕ್ಕೆ ಹೋಗುತ್ತಾರೆ, ಗಾಜಿನಮನೆಗಳ ಬಾಗಿಲು ತಟ್ಟುತ್ತಾರೆ. ಒಂದರಲ್ಲಿ ಮಾತ್ರ ಬಂದರೆ ಆ ಒಬ್ಬ ಬಡಪಾಯಿಯ ಕುತ್ತಿಗೆ ಹಿಡಿಯುತ್ತಾರೆ. ಎಲ್ಲ ಲೆಕ್ಕಾಚಾರವಾಗಿ ಮಾಡಿದವರಿಗೆ ಗಡಿಯಾರನ ಜಜ್ಜಿದ ಬೆರಳೊಂದು ಗೊತ್ತಿರಲಿಲ್ಲ.

"ಬಿಡಿಸಿದ ಮೇಲೆ ಪೆಟ್ಟಿಗೆ ಎಲ್ಲಿಟ್ಟಿದ್ದೆ?"

ಬೆರಳಿಗೆ ಪಟ್ಟಿ ಹಾಕಿಸಲು ಆಸ್ಪತ್ರೆಗೆ ಹೋಗಿದ್ದನಂತೆ. ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು. ಮಂಜುಗಡ್ಡೆಯ ಪೆಟ್ಟಿಗೆ ಶೆಡ್ಡಿನಲ್ಲೇ ಇತ್ತು. ಸೋಮವಾರದಿಂದ ಇಲ್ಲಿ ಪೊಲೀಸ್ ಕಾವಲಿದೆ, ಇದಕ್ಕಿಂತ ಭದ್ರವಾದ ಜಾಗ ಯಾವುದು ಎಂದುಕೊಂಡೆ ಎಂದ.

"ಆ ಹೊತ್ತಲ್ಲಿ ಯಾರು ಬಂದಿದ್ರು?"

"ಹೊರಗಿನವರು ಯಾರೂ ಇಲ್ಲ ಅಂತ ಕಾವಲಿನೋನು ಹೇಳ್ದ." ಗಡಿಯಾರ ಕೊಂಚ ತಡೆದ. "ನಿನ್ನ ತಮ್ಮನ ಹೆಂಡತಿ ಬಂದಿದ್ಲಂತೆ. ಬಲೆ ತಗೊಂಡು ಹೋಗೋಕೆ."

ಅವಳು ಕೈಯಲ್ಲಿದ್ದ ಚಿಪ್ಪನ್ನು, ಆಗಷ್ಟೇ ಗಡಿಯಾರನ ಚಾಕುವಿನಿಂದ ಬಿಡಿಸಿದ್ದನ್ನು, ತಿರುಗಿಸಿ ನೋಡಿದಳು. ಗಾಯದ ಮೇಲೆ ಗೆರೆಯೇ ಇಲ್ಲ, ನುಣುಪು. ಪರ್ಸಿನಿಂದ ಮೂರನೇ ಚೀಲದ ಚಿಪ್ಪನ್ನು ತೆಗೆದು ಪಕ್ಕದಲ್ಲಿಟ್ಟಳು. ಜೋಡಿಗೆರೆ. ಅಲಗಿನಲ್ಲಿ ಕಚ್ಚುಬಿದ್ದ ಚಾಕು ಮಾತ್ರ ಹಾಗೆ ಕೊಯ್ಯುತ್ತದೆ.

ಆಗ ಹೊಳೆಯಿತು.

ಆ ಕಚ್ಚು ಬೀಳಿಸಿದ್ದು ಅವಳೇ. ಲ್ಯಾಬಿನಲ್ಲಿ ಒಂದು ಜಾಡಿಯ ಮುಚ್ಚಳ ಜಾಮಾಗಿದ್ದಾಗ ಚಿಪ್ಪು ಬಿಡಿಸುವ ಚಾಕುವನ್ನೇ ತೂರಿಸಿ ಮೀಟಿದ್ದಳು. ಅಲಗಿನ ತುದಿಯ ಹತ್ತಿರ ಅಕ್ಕಿಕಾಳಿನಷ್ಟು ಚೂರು ಹಾರಿಹೋಗಿತ್ತು. ಕೆಲಸ ಬಿಟ್ಟ ದಿನ, ಹಾಳಾದ ಚಾಕು ನನಗೇ ಇರಲಿ ಎಂದು ಕೇಳಿ ತಂದು, ಮರದ ಹಿಡಿ ಹಾಕಿಸಿ, ತಮ್ಮನಿಗೆ ಕೊಟ್ಟಿದ್ದಳು. ಅದು ಅವನ ಅಡುಗೆಮನೆಯ ಗೋಡೆಗೆ, ಒಲೆಯ ಬಲಕ್ಕೆ, ಮೊಳೆಯಲ್ಲಿ ತೂಗುತ್ತಿತ್ತು.

ಬುಧವಾರ ತಮ್ಮ ಲಾಕಪ್ಪಿನಲ್ಲಿದ್ದ. ಮನೆಯಲ್ಲಿದ್ದವಳು ಒಬ್ಬಳೇ.

*

ಕಟ್ಟೆಯಿಂದ ತಮ್ಮನ ಮನೆಗೆ ಕಾಲ್ನಡಿಗೆಯಲ್ಲಿ ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಅವಳು ನಾದಿನಿಯನ್ನು ಹತ್ತು ಸಲ ಅಪರಾಧಿ ಮಾಡಿದಳು, ಹತ್ತು ಸಲ ಬಿಡುಗಡೆ ಮಾಡಿದಳು. ಹುಡುಗಿ ಒಳ್ಳೆಯವಳು, ಮಾತು ಕಡಿಮೆ. ಆದರೆ ಅವಳ ಅಣ್ಣ ಆ ಗಾಜಿನಮನೆಗಳಲ್ಲೇ ಔಷಧ ಹೊಡೆಯುವ ಕೆಲಸದಲ್ಲಿದ್ದ. ಕಾಲುವೆಗೆ ವಿಷ ಹೋದದ್ದು ಅವನ ಕೈತಪ್ಪಿನಿಂದಲೇ ಆಗಿದ್ದರೆ? ಗಂಡನೋ ತವರೋ ಎಂದು ಬಂದಾಗ ಹೆಣ್ಣಿನ ಮನಸ್ಸು ಯಾವ ಕಡೆ ವಾಲುತ್ತದೆ ಎಂದು ಆಣೆ ಮಾಡಿ ಹೇಳಬಲ್ಲವರು ಯಾರು?

ತಮ್ಮನನ್ನು ಬಿಡಿಸಬೇಕಾದರೆ ನಾಳೆ ಹತ್ತಕ್ಕೆ ಈ ಚಿಪ್ಪನ್ನು ಮೇಜಿನ ಮೇಲೆ ಇಡಬೇಕು. ಇಟ್ಟರೆ ಅವನು ಹೊರಗೆ ಬರುತ್ತಾನೆ, ಅವನ ಹೆಂಡತಿ ಒಳಗೆ ಹೋಗುತ್ತಾಳೆ. ಇದೇನು ಬಿಡಿಸಿದ ಹಾಗಾಯಿತೆ?

ನಾದಿನಿ ಹಿತ್ತಲ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅತ್ತಿಗೆಯನ್ನು ಕಂಡು ಎದ್ದು ಕೈ ಒರೆಸಿಕೊಂಡಳು. ಏನಾದರೂ ಗೊತ್ತಾಯಿತೇ ಎಂದು ಕೇಳುವ ಧೈರ್ಯವಿಲ್ಲದೆ ಊಟ ಆಯಿತೇ ಎಂದು ಕೇಳಿದಳು.

"ಚಿಪ್ಪು ತಂದಿದೀನಿ," ಎಂದು ಸೀಸೆಯಕ್ಕ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟಳು. "ಆ ಚಾಕು ಕೊಡು. ನಾನು ಕೊಟ್ಟಿದ್ದು."

ಮೊಳೆ ಖಾಲಿಯಿರುವುದನ್ನು ಅವಳು ಒಳಗೆ ಬರುವಾಗಲೇ ನೋಡಿದ್ದಳು. ನಾದಿನಿ ಏನು ಹೇಳುತ್ತಾಳೆ? ಕಳೆದುಹೋಯಿತು ಎನ್ನುತ್ತಾಳೆ. ಮುರಿದುಹೋಯಿತು ಎನ್ನುತ್ತಾಳೆ. ಆ ಮಾತಿಗಾಗಿ ಅವಳು ಕಾದಳು.

"ಅದನ್ನ ಪೊಲೀಸ್ನೋರು ತಗೊಂಡು ಹೋದ್ರಲ್ಲ ಅತ್ತಿಗೆ, ಮಂಗಳವಾರವೇ."

"ಮಂಗಳವಾರ?"

"ಡಬ್ಬಿ ಸಿಕ್ತಲ್ಲ, ಆವಾಗ. ಪಟ್ಟಿ ಕೊಟ್ಟಿದಾರೆ, ನೋಡಿ." ಅವಳು ಡಬ್ಬಗಳ ಸಾಲಿನ ಹಿಂದಿನಿಂದ ಮಡಿಸಿದ ಕಾಗದವೊಂದನ್ನು ತೆಗೆದುಕೊಟ್ಟಳು.

ಖಾಲಿ ಡಬ್ಬಿ, ಒಂದು. ರಬ್ಬರಿನ ಕೈಗವಸು, ಒಂದು ಜೊತೆ. ಮರದ ಹಿಡಿಯ ಚಾಕು, ಅಲಗಿನಲ್ಲಿ ಕಚ್ಚು, ಒಂದು. ಕೆಳಗೆ ಮಂಗಳವಾರದ ತಾರೀಖು, ಇನ್‌ಸ್ಪೆಕ್ಟರ ಸಹಿ.

ಸೀಸೆಯಕ್ಕ ಕಾಗದವನ್ನು ಎರಡು ಸಲ ಓದಿದಳು. ಮಂಗಳವಾರ ಠಾಣೆಯ ಬೀರು ಸೇರಿದ ಚಾಕು ಬುಧವಾರ ದೋಣಿಕಟ್ಟೆಯ ಶೆಡ್ಡಿನಲ್ಲಿ ಅರವತ್ತು ಚಿಪ್ಪು ಕೊಯ್ದಿದೆ.

"ಬುಧವಾರ ನೀನು ಶೆಡ್ಡಿಗೆ ಹೋಗಿದ್ದೆಯಾ?"

"ಹೂಂ, ಬಲೆ ತರೋಕೆ. ಒಳಗೆ ಕಾಲಿಡಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬ್ರೇ ಇದ್ರು, ಬರಬೇಡಮ್ಮ, ನೆಲ ಒದ್ದೆ ಇದೆ ಅಂತ ತಾವೇ ಬಲೆ ತಂದು ಕೊಟ್ರು. ಅಷ್ಟು ದೊಡ್ಡ ಮನುಷ್ಯರು, ಕೈಯೆಲ್ಲ ಕೆಸರು ಮಾಡ್ಕೊಂಡು. ಒಳ್ಳೆಯವರು ಅತ್ತಿಗೆ."

ಉದ್ದನೆ ತೊಟ್ಟಿನ ಕೆಂಪು ಹೂಗಳು ಸೀಸೆಯಕ್ಕನ ಕಣ್ಣ ಮುಂದೆ ಬಂದವು. ಅಂಥ ಹೂವು ಬಯಲಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಗಾಜಿನ ಮಾಡು ಬೇಕು, ದಿನಾ ಔಷಧ ಬೇಕು. ಏನೇ ಸಿಕ್ಕರೂ ಮೊದಲು ನನಗೆ ಕೊಡಿ ಅಕ್ಕ. ಕೊಟ್ಟಿದ್ದಳು. ಏಳೂ ಚೀಲವನ್ನು ತಾನೇ ಮುಂದೆ ನಿಂತು, ಸಹಿ ಹಾಕಿಸಿ, ಕಳಿಸಿಕೊಟ್ಟಿದ್ದಳು.

ಎರಡು ಗಳಿಗೆ ಮೊದಲು ಇದೇ ಹುಡುಗಿಯನ್ನು ಮನಸ್ಸಿನಲ್ಲೇ ಕಟಕಟೆ ಹತ್ತಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವಳ ಒದ್ದೆ ಕೈಯನ್ನು ಹಿಡಿದುಕೊಂಡು, ಈ ಕಾಗದವನ್ನು ಯಾರಿಗೂ ತೋರಿಸಬೇಡ, ನಾನು ಕೇಳುವವರೆಗೆ ಎಲ್ಲಾದರೂ ಬಚ್ಚಿಡು ಎಂದಳು. ನಾದಿನಿ ಯಾಕೆ ಎಂದು ಕೇಳಲು ಬಾಯಿ ತೆರೆದಳು.

ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು.

"ಅಕ್ಕ ಇದಾರಾ?" ಇನ್‌ಸ್ಪೆಕ್ಟರ ದನಿಯಲ್ಲಿ ಮಂಗಳವಾರದ ಅದೇ ಮೃದುತನವಿತ್ತು. ಟೊಪ್ಪಿಗೆ ಕಂಕುಳಲ್ಲಿಟ್ಟುಕೊಂಡು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದರು. "ಲ್ಯಾಬಿಗೆ ಹೋದೆ, ಹೊರಟುಹೋದ್ರು ಅಂದ್ರು. ನೀವು ಒಳ್ಳೆ ಕೆಲಸ ಮಾಡಿದ್ರಿ ಅಕ್ಕ. ಬಿಸಿನೀರಿನ ವಿಷಯ ನನ್ನ ತಲೆಗೂ ಹೊಳೆದಿರಲಿಲ್ಲ."

ಅದೊಂದು ಮಾತು ಮಾತ್ರ ನಿಜ ಎಂದು ಸೀಸೆಯಕ್ಕನಿಗೆ ಅನಿಸಿತು.

"ಒಂದು ಸಣ್ಣ ತೊಂದರೆ ಅಷ್ಟೇ. ಎಣಿಸಿ ನೋಡಿದೆ. ಮೂರನೇ ಚೀಲದಲ್ಲಿ ಹತ್ತೊಂಬತ್ತು ಬಂತು. ಒಂದು ಚಿಪ್ಪು ಕಡಿಮೆ."

"ಅಯ್ಯೋ, ನನ್ನ ಮರೆವು ನೋಡಿ," ಎಂದಳು. "ಬೆಳಕಿಗೆ ಹಿಡಿದು ನೋಡ್ತಾ ಕೈಯಲ್ಲೇ ಉಳಿದುಬಿಡ್ತು."

ಪರ್ಸನ್ನು ಮುಟ್ಟಲಿಲ್ಲ. ಒದ್ದೆ ಪೊಟ್ಟಣದ ಬದಿಯಿಂದ ಒಂದು ಚಿಪ್ಪು ತೆಗೆದು, ಬೆರಳಿನಿಂದ ಒರೆಸಿ, ಅವರ ಅಂಗೈಗೆ ಹಾಕಿದಳು. ದೋಣಿಕಟ್ಟೆಯಲ್ಲಿ ಗಡಿಯಾರನ ಚಾಕುವಿನಿಂದ ಬಿಡಿಸಿ ಪೊಟ್ಟಣಕ್ಕೆ ಸಿಕ್ಕಿಸಿಕೊಂಡಿದ್ದ ಖಾಲಿ ಚಿಪ್ಪು ಅದು. ಗಾತ್ರ ಅದೇ, ಬಣ್ಣ ಅದೇ. ಕಂಡವರಿಗೆ ಚಿಪ್ಪೆಂದರೆ ಚಿಪ್ಪು. ಗಾಯದ ಮೇಲೆ ಗೆರೆ ಹುಡುಕುವವರು ಊರಿನಲ್ಲಿ ತಾನೊಬ್ಬಳೇ ಎಂಬ ನಂಬಿಕೆಯ ಮೇಲೆ ಕೊಟ್ಟಳು.

ಇನ್‌ಸ್ಪೆಕ್ಟರು ಧನ್ಯವಾದ ಹೇಳಿ ಬಾಗಿಲವರೆಗೆ ಹೋದರು. ಅಲ್ಲಿ ನಿಂತರು. ಚಿಪ್ಪನ್ನು ಬಿಸಿಲಿಗೆ ಹಿಡಿದು, ಹೆಬ್ಬೆರಳಿನ ಉಗುರನ್ನು ಒಳಗಿನ ಗಾಯದ ಮೇಲೆ ಮೆಲ್ಲಗೆ ಎಳೆದರು. ಮತ್ತೊಮ್ಮೆ ಎಳೆದರು.

ನಗು ಹಾಗೇ ಇತ್ತು. ಬಾಗಿಲನ್ನು ಮಾತ್ರ ಒಳಗಿನಿಂದ ಮುಚ್ಚಿದರು.

"ಇದಲ್ಲ ಅಕ್ಕ," ಎಂದರು.